ಉದ್ದಜಡೆಯ ಸೀಟು

ಜೂನ್ 3, ಮಂಗಳವಾರ

ಮದುವೆಯಾಗಿ ಇವತ್ತಿಗೆ ಹದಿನೇಳು ದಿನ. ಹೊಸ ಸೊಸೆಯ ಬಿಳಿ ತಲೆವಸ್ತ್ರ ಕಟ್ಟುವುದು ಕೊನೆಗೂ ಕೈಗೆ ಬಂತು. ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ಮೇಲೆ ನನಗೇ ಪ್ರೀತಿ ಉಕ್ಕಿತು. ರಾಜಧಾನಿ ಬಿಷ್ಕೆಕ್‌ನ ಇಂಗ್ಲಿಷ್ ಶಾಲೆಯ ಗೆಳತಿಯರು ಈ ವೇಷ ಕಂಡರೆ ಬಿದ್ದು ಬಿದ್ದು ನಗುತ್ತಾರೆ. ನಗಲಿ. ಅವರಿಗೆ ಗಂಡ ಇಲ್ಲ, ನನಗಿದ್ದಾನೆ.

ಇವರ ಮನೆಯಲ್ಲಿ ನಾನು ಯಾರ ಹೆಸರನ್ನೂ ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನದು, ಮಾವನದು, ಅಜ್ಜಿಯದು, ತೀರಿಹೋದ ತಾತನದು, ಕೊನೆಗೆ ನಾದಿನಿಯದೂ. ಸೊಸೆಯಾಗಿ ಬಂದವಳು ಎಲ್ಲರಿಗೂ ತಾನೇ ಒಂದೊಂದು ಹೆಸರು ಕಟ್ಟಿ ಕರೆಯಬೇಕು. ಈಗಿನ ಕಾಲದವರು ಇದನ್ನೆಲ್ಲ ಬಿಟ್ಟಿದ್ದಾರೆ; ಪಕ್ಕದ ಮನೆಯವಳಂತೂ ಗಂಡನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಆದರೆ ಇವರ ಅಜ್ಜಿಗೆ ಅದು ಸೇರುವುದಿಲ್ಲ, ಮತ್ತು ನನಗೆ ಈ ಆಟ ಬಹಳ ಹಿಡಿಸಿಬಿಟ್ಟಿದೆ. ಮಾವ 'ದೊಡ್ಡ ಯಜಮಾನರು'. ನಾದಿನಿಯ ಜಡೆ ಸೊಂಟ ದಾಟಿ ಹೋಗುತ್ತದೆ, ಅವಳು 'ಉದ್ದಜಡೆ'. ಗಂಡ ನರಿನ್ ಪಟ್ಟಣದಲ್ಲಿ ಮನೆಗಳಿಗೆ ಕಿಟಕಿ ಕೂಡಿಸುವವನು, ಹಾಗಾಗಿ 'ಕಿಟಕಿಯವರು'. ಮಾವನ ಹೆಸರಿನೊಳಗೆ ಕಲ್ಲು ಇದೆ, ಆದ್ದರಿಂದ ಕಲ್ಲನ್ನೂ ಕಲ್ಲು ಎನ್ನಬಾರದು, 'ಗಟ್ಟಿಯದು' ಎನ್ನಬೇಕು. ಈ ಬೆಟ್ಟದೂರಿನಲ್ಲಿ ಗಟ್ಟಿಯದು ಬಿಟ್ಟರೆ ಬೇರೆ ಏನಿದೆ?

ಬರೆಯಬಾರದು ಎಂದು ಯಾರೂ ಹೇಳಿಲ್ಲ. ಎಲ್ದಿಯಾರ್. ಎಲ್ದಿಯಾರ್. ಎಲ್ದಿಯಾರ್. ಆಹಾ.

ಜೂನ್ 8, ಭಾನುವಾರ

ಶನಿವಾರ ಸಂಜೆ ಬಂದ, ಇವತ್ತು ಮಧ್ಯಾಹ್ನ ಹೊರಟೂ ಹೋದ. ಅಳತೆಯ ಟೇಪು ತೆಗೆದು ನನ್ನ ಮುಖ ಅಳೆದ. "ಉದ್ದ ಇಪ್ಪತ್ತು, ಅಗಲ ಹದಿನಾಲ್ಕು. ಮೇರಿಮ್, ಈ ಸೈಜಿನ ಕಿಟಕಿ ಎಲ್ಲೂ ಸಿಗಲ್ಲ, ಹೇಳಿ ಮಾಡಿಸ್ಬೇಕು," ಎಂದ. ಇದಕ್ಕೆ ನಾನು ಅರ್ಧ ಗಂಟೆ ನಕ್ಕೆ. ನರಿನ್‌ನಲ್ಲಿ ಬಾಡಿಗೆಗೆ ಮನೆ ಹುಡುಕುತ್ತಿದ್ದಾನೆ. ನಾವಿಬ್ಬರೇ, ನಮ್ಮದೇ ಅಡುಗೆಮನೆ. ದಿನ ಎಣಿಸುತ್ತಿದ್ದೇನೆ.

ಅತ್ತೆ ಮತ್ತು ಉದ್ದಜಡೆ ನಾಳೆ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ಬೇಸಿಗೆ ಮುಗಿಯುವವರೆಗೂ ಅಲ್ಲೇ ಗುಡಾರ, ಅಲ್ಲೇ ಕುದುರೆ ಹಾಲು ಹುದುಗಿಸಿ ಕುಮಿಸ್ ಕಡೆಯುವುದು. ಕೆಳಗೆ ನಾನು, ಅಜ್ಜಿ, ಮಾವ. ಅಲ್ಲಿ ಫೋನ್ ಹಿಡಿಯುವುದಿಲ್ಲ, ಅದಕ್ಕೇ ಉದ್ದಜಡೆ ಬೆಳಿಗ್ಗೆಯಿಂದ ನನ್ನ ಹಿಂದೆಯೇ ಸುತ್ತುತ್ತಿದ್ದಾಳೆ.

ಅವಳಿಗೆ ಹಿಮನದಿಗಳ ಬಗ್ಗೆ ಓದಬೇಕಂತೆ. ರಾಜಧಾನಿಯ ಒಂದೇ ಒಂದು ವಿಶ್ವವಿದ್ಯಾಲಯದಲ್ಲಿ ಅದಿದೆ. ಶುಲ್ಕವಿಲ್ಲದ ಸೀಟು ಹನ್ನೆರಡು, ಅರ್ಜಿ ಆರುನೂರು. ಈ ವರ್ಷ ಶಾಲೆ ಮುಗಿಸಿದವರಿಗೆ ಮಾತ್ರ, ಮುಂದಿನ ವರ್ಷ ಎನ್ನುವ ಮಾತೇ ಇಲ್ಲ. ಸಿಗದಿದ್ದರೆ ನರಿನ್‌ನಲ್ಲಿರುವ ಚಿಕ್ಕಮ್ಮನ ಬೇಕರಿ. ಮದುವೆಗೆ ಮುಂಚೆ ಏಪ್ರಿಲ್‌ನಲ್ಲಿ ನಾನೇ ಕೂತು ಅವಳ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಿಸಿದ್ದೆ. ಫೋನ್ ನಂಬರೂ ನನ್ನದೇ ಕೊಟ್ಟಿದ್ದೆವು. ಸಂದರ್ಶನವೂ ಮುಗಿದಿದೆ, ಇನ್ನು ಪಟ್ಟಿ ಬರಬೇಕು.

"ಅತ್ತಿಗೆ, ಏನೇ ಬಂದ್ರೂ ಆ ಕ್ಷಣವೇ ಯಾರ ಕೈಲಾದ್ರೂ ಹೇಳಿ ಕಳಿಸ್ಬೇಕು," ಎಂದಳು.

"ಯಾರೂ ಸಿಗದಿದ್ರೆ?"

"ಕುರಿ ಕೈಲಿ ಕಳಿಸಿ. ನನಗೆ ಅರ್ಥ ಆಗುತ್ತೆ."

ಜೂನ್ 13, ಶುಕ್ರವಾರ

ಇವತ್ತು ನಾನು ಪರೀಕ್ಷೆಯಲ್ಲಿ ಗೆದ್ದೆ. ನಿಜಕ್ಕೂ ಗೆದ್ದೆ.

ಅಜ್ಜಿ ಮತ್ತು ನಾನು ಅಂಗಳದಲ್ಲಿ ಕೋಲು ಹಿಡಿದು ಉಣ್ಣೆ ಬಡಿಯುತ್ತಿದ್ದೆವು. ಫೋನ್ ಬಂತು. ವಿಶ್ವವಿದ್ಯಾಲಯದಿಂದ ಯಾರೋ ಹುಡುಗಿ, ಪಟ್ಟಣದ ದನಿ, ಬಹಳ ಅವಸರ.

"ಅರ್ಜಿಯ ವಿವರ ಖಚಿತ ಮಾಡ್ಕೋಬೇಕಿತ್ತು. ಅಭ್ಯರ್ಥಿಯ ಪೂರ್ತಿ ಹೆಸರು ಹೇಳಿ."

ಪೂರ್ತಿ ಹೆಸರು ಎಂದರೆ ಅವಳ ಹೆಸರು, ಜೊತೆಗೆ 'ಇಂಥವರ ಮಗಳು' ಎಂದು ಮಾವನ ಹೆಸರೂ ಬರುತ್ತದೆ. ಅಜ್ಜಿ ಕೋಲು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ನಮ್ಮ ಉದ್ದಜಡೆ," ಎಂದೆ.

"ಏನಂದ್ರಿ?"

"ಉದ್ದಜಡೆ. ದೊಡ್ಡ ಯಜಮಾನರ ಮಗಳು."

"ತಮಾಷೆ ಮಾಡ್ಬೇಡಿ ಮೇಡಂ. ತಂದೆ ಹೆಸರೇನು?"

"ಅದನ್ನ ನಾನು ಹೇಳೋ ಹಾಗಿಲ್ಲ. ನಾನು ಈ ಮನೆ ಸೊಸೆ."

"ಹಾಗಾದ್ರೆ ಗೊತ್ತಿಲ್ಲ ಅಂತ ಬರ್ಕೊಳ್ಳಲಾ?"

"ಗೊತ್ತು. ಹೇಳಲ್ಲ."

ಆ ಕಡೆ ಏನೋ ಗೀಚಿದ ಸದ್ದು. "ಸರಿ ಬಿಡಿ," ಎಂದು ಇಟ್ಟಳು. ಹೇಗೂ ಅರ್ಜಿಯಲ್ಲಿ ಎಲ್ಲವೂ ಇದೆ, ಓದಿಕೊಳ್ಳಲಿ.

ಅಜ್ಜಿ ತಮ್ಮ ಕೈಯ ಬೆಳ್ಳಿ ಬಳೆ ಬಿಚ್ಚಿ ನನ್ನ ಕೈಗೆ ಹಾಕಿದರು. ಮೂವತ್ತು ವರ್ಷದಿಂದ ಬಿಚ್ಚಿರಲಿಲ್ಲವಂತೆ. ಸಂಜೆ ಮಾವ ಬಂದಾಗ, "ಪಟ್ಟಣದವಳು ಅಂದ್ಕೊಂಡಿದ್ದೆ ಕಣೋ, ಇವಳು ನನ್ನನ್ನೇ ಮೀರಿಸ್ತಾಳೆ," ಎಂದರು. ಎಲ್ದಿಯಾರ್‌ಗೆ ಬಳೆಯ ಫೋಟೋ ಕಳಿಸಿದೆ. ಏಳು ಹೃದಯ ಕಳಿಸಿದ.

ಜೂನ್ 14, ಶನಿವಾರ

ಬಂದಿದ್ದಾನೆ. ಏನು ಬರೆಯಲಿ. ಎಲ್ಲ ಚೆನ್ನಾಗಿದೆ.

ಜೂನ್ 19, ಗುರುವಾರ

ಉದ್ದಜಡೆ ಹಿಟ್ಟು ಒಯ್ಯಲು ಕುದುರೆಯ ಮೇಲೆ ಬಂದಿದ್ದಳು. ಇಳಿಯುವ ಮೊದಲೇ, "ಬಂತಾ ಅತ್ತಿಗೆ?"

"ಪಟ್ಟಿ ಜುಲೈ ಒಂದನೇ ತಾರೀಕಿಗೆ ಅಂದಿದಾರಲ್ಲ. ಇವತ್ತು ಹತ್ತೊಂಬತ್ತು."

"ಮೊದಲೇ ಬರಬಹುದು ಅಂತ." ಜಡೆಯ ತುದಿಯನ್ನು ಕಚ್ಚಿ ಕಚ್ಚಿ ಪೊರಕೆ ಮಾಡಿಕೊಂಡಿದ್ದಾಳೆ. "ದಿನಾ ಕನಸಲ್ಲಿ ಪಟ್ಟಿ ಬರುತ್ತೆ. ಊರವರ ಹೆಸರೆಲ್ಲ ಇರುತ್ತೆ. ನಮ್ಮ ಕುದುರೆಗಳ ಹೆಸರೂ ಇರುತ್ತೆ. ನಂದೊಂದು ಇರಲ್ಲ."

"ಕುದುರೆಗೆ ಸೀಟು ಸಿಕ್ತಾ?"

"ಕೆಂದ ಕುದುರೆಗೆ ಸಿಕ್ಕಿದೆ. ಹಾಸ್ಟೆಲ್ ಸಮೇತ."

ಅವತ್ತಿನ ಫೋನಿನ ಕಥೆ ಹೇಳಿ ನಗಿಸೋಣ ಎಂದುಕೊಂಡೆ. ಅಷ್ಟರಲ್ಲಿ ಕುದುರೆ ಅಜ್ಜಿಯ ಈರುಳ್ಳಿ ಮಡಿಗೆ ನುಗ್ಗಿ ಎಲ್ಲ ಗದ್ದಲವಾಯಿತು. ಹೊರಡುವಾಗ ಅವಳ ಹಿಟ್ಟಿನ ಚೀಲದಲ್ಲಿ ನನ್ನ ಕೈಯ ಉಣ್ಣೆ ಸ್ವೆಟರ್ ತುರುಕಿದೆ. ಮೇಲೆ ಬೆಳಿಗ್ಗೆ ಮಂಜು ಕಟ್ಟುತ್ತದಂತೆ.

ಜೂನ್ 24, ಮಂಗಳವಾರ

ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಮೆಸೇಜ್ ಬಂದಿದೆ. "ಅಭ್ಯರ್ಥಿಯ ವಿವರ ಫೋನಿನಲ್ಲಿ ಖಚಿತವಾಗಿಲ್ಲ. ಜೂನ್ 27ರೊಳಗೆ ಪೋಷಕರು ಖುದ್ದಾಗಿ ಬಾರದಿದ್ದರೆ ಅರ್ಜಿಯನ್ನು ಕೈಬಿಡಲಾಗುವುದು."

ಮೂರು ಸಲ ಓದಿದೆ. ಬೇರೆ ಅರ್ಥ ಹುಡುಕಿದೆ, ಇಲ್ಲ. ನನಗೆ ಇಂಗ್ಲಿಷ್ ಇಷ್ಟು ಚೆನ್ನಾಗಿ ಬರಬಾರದಿತ್ತು.

ಜೂನ್ 25, ಬುಧವಾರ

ಬೆಳಿಗ್ಗೆಯಿಂದ ಅವರ ಕಚೇರಿಗೆ ನಲವತ್ತು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎತ್ತಿದರೆ ಹೇಳಿಬಿಡೋಣ ಎಂದು ಹೊಳೆಯ ಹತ್ತಿರ ಹೋಗಿ ಅಭ್ಯಾಸ ಮಾಡಲು ನೋಡಿದೆ. ಯಾರೂ ಇರಲಿಲ್ಲ, ನೀರಿನ ಸದ್ದು ಬೇರೆ. ಮಾವನ ಹೆಸರು ಗಂಟಲವರೆಗೆ ಬಂದು ನಿಂತಿತು, ಬಾಯಿಗೆ ಬರಲೇ ಇಲ್ಲ. ಆಟ ಎಂದುಕೊಂಡಿದ್ದೆ. ಯಾವಾಗ ಆಟ ಮುಗಿಯಿತೋ ತಿಳಿಯಲಿಲ್ಲ.

ಕೊನೆಗೆ ಮಾವನ ಹತ್ತಿರ ಹೋದೆ. ಅವರು ರಸ್ತೆ ಇಲಾಖೆಯವರು, ಹಿತ್ತಲಲ್ಲಿ ನಿಲ್ಲಿಸಿದ್ದ, ರಸ್ತೆ ಸಮಮಾಡುವ ಗ್ರೇಡರ್ ಯಂತ್ರಕ್ಕೆ ಗ್ರೀಸ್ ಹಾಕುತ್ತಿದ್ದರು. ಎಲ್ಲ ಹೇಳಿದೆ. ಅಜ್ಜಿ ಬಳೆ ಕೊಟ್ಟದ್ದನ್ನೂ ಹೇಳಿದೆ. ಅವರು ಕೈ ಒರೆಸಿಕೊಂಡು ಗ್ರೀಸ್ ಡಬ್ಬಿಗೆ ಮುಚ್ಚಳ ಹಾಕಿದರು. ಬೈದರೆ ಸಾಕು ಎನಿಸಿತ್ತು.

"ನಾಳೆ ಎಷ್ಟು ಗಂಟೆಗೆ ಹೊರಡ್ಬೇಕು?" ಎಂದರು.

ಜೂನ್ 26, ಗುರುವಾರ

ಬೆಳಗಿನ ನಾಲ್ಕಕ್ಕೆ ಹೊರಟು ಹತ್ತೂವರೆಗೆ ಬಿಷ್ಕೆಕ್. ದಾರಿಯಲ್ಲಿ ಮಾವ ಎರಡೇ ಮಾತಾಡಿದರು. ಒಂದು, "ಈ ತಿರುವಿನ ರಸ್ತೆ ನಾನೇ ಮಾಡಿದ್ದು." ಇನ್ನೊಂದು, "ಆ ತಿರುವೂ."

ಕೌಂಟರಿನ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು. "ಅವತ್ತು ಫೋನಲ್ಲಿ ಮಾತಾಡಿದ್ದು ಯಾರು?"

"ನಾನು."

"ಹಾಗಾದ್ರೆ ಉತ್ತರ ನೀವೇ ಕೊಡ್ಬೇಕು. ಆಮೇಲೆ ತಂದೆಯ ಪಾಸ್‌ಪೋರ್ಟ್ ನೋಡ್ತೀನಿ. ಅಭ್ಯರ್ಥಿಯ ಪೂರ್ತಿ ಹೆಸರು?"

ನಾನು ಮಾವನ ಕಡೆ ನೋಡಿದೆ. ಮಾವ ಛಾವಣಿಯ ಕಡೆ ನೋಡಿದರು. "ನಂಗೆ ಸ್ವಲ್ಪ ಗಾಳಿ ಬೇಕು," ಎಂದು ಹೊರಗೆ ಹೋಗಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು.

ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಹೆಂಗಸು ಪೆನ್ನಿನಿಂದ ಮೇಜನ್ನು ತಟ್ಟುತ್ತಿದ್ದಳು, ಹಿಂದೆ ಸಾಲು ಬೆಳೆಯುತ್ತಿತ್ತು. ಕಣ್ಣು ಮುಚ್ಚಿ ಹೇಳಿಬಿಟ್ಟೆ, ಹೇಳಿದ್ದಲ್ಲ, ಕಿರುಚಿದೆ: "ತಾಷ್ತನ್‌ಬೆಕ್‌ನ ಮಗಳು ಐಪೆರಿ."

ಬಾಗಿಲು ತೆರೆದುಕೊಂಡಿತು. "ಆಂ, ಬಂದೆ," ಎಂದು ಮಾವ ತಲೆ ಹಾಕಿದರು. ಯಾರೋ ಕರೆದರೆಂದು ಅಭ್ಯಾಸಬಲದಿಂದ ಓಗೊಟ್ಟಿದ್ದರು. ನನ್ನ ಮುಖ ನೋಡಿ, ಕೆಂಪಾಗಿ, ಮತ್ತೆ ಬಾಗಿಲು ಹಾಕಿಕೊಂಡರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಹೆಂಗಸೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಆಮೇಲೆ ಅವಳು ಹೇಳಿದ್ದು ನಗುವಂಥದ್ದಲ್ಲ. ಅಂಕದ ಪ್ರಕಾರ ಐಪೆರಿ ಒಂಬತ್ತನೆಯವಳು. ಆದರೆ ವಿವರ ಖಚಿತವಾಗದವರನ್ನು ಬಿಟ್ಟು ಹನ್ನೆರಡರ ಪಟ್ಟಿ ಸೋಮವಾರವೇ ಮುಗಿದಿದೆ. ಇಪ್ಪತ್ತೇಳರ ಗಡುವು ಅರ್ಜಿ ಉಳಿಸಿಕೊಳ್ಳುವುದಕ್ಕೆ ಮಾತ್ರವಂತೆ; ಇನ್ನು ಅವಳು ಕಾಯುವವರ ಪಟ್ಟಿಯಲ್ಲಿ ಮೂರನೆಯವಳು. ಹನ್ನೆರಡು ಜನರಲ್ಲಿ ಮೂವರು ಜುಲೈ 8ರೊಳಗೆ ಬೇರೆಡೆ ಹೋದರೆ ಸೀಟು.

ಹಿಂದಿರುಗುವಾಗ ಮಾವ ಕೇಳಿದರು: "ಅವಳಿಗೆ ನಾನು ಹೇಳ್ಲಾ, ನೀನು ಹೇಳ್ತೀಯಾ ಮಗಳೇ?"

"ನಾನೇ ಹೇಳ್ತೀನಿ."

"ಯಾವಾಗ?"

ಈ ತಿರುವೂ ನೀವೇ ಮಾಡಿದ್ದಾ ಎಂದು ಕೇಳಿದೆ.

ಜೂನ್ 29, ಭಾನುವಾರ

ಬಳೆ ಬಿಚ್ಚಿ ಅಜ್ಜಿಯ ಮುಂದಿಟ್ಟೆ. ನಡೆದದ್ದು ಹೇಳಿದೆ, ಕೌಂಟರಿನಲ್ಲಿ ಹೆಸರು ಕೂಗಿದ್ದನ್ನೂ. ಅಜ್ಜಿ ಬಳೆಯನ್ನು ಮುಟ್ಟಲಿಲ್ಲ.

"ನಿನ್ನ ತಾತನಿಗೆ ಒಂದ್ಸಲ ಹೊಟ್ಟೆ ಆಪರೇಷನ್ ಆಗಿತ್ತು. ದೊಡ್ಡಾಸ್ಪತ್ರೆ. ಬಾಗಿಲಲ್ಲಿ, ಯಾರನ್ನ ನೋಡ್ಬೇಕು ಅಂತ ಕೇಳಿದ್ರು. ನಾನು ಹೇಳಲಿಲ್ಲ," ಎಂದರು.

"ಮತ್ತೆ?"

"ಒಳಗೆ ನುಗ್ಗಿ ಒಂದೊಂದೇ ಹಾಸಿಗೆ ನೋಡ್ತಾ ಹೋದೆ. ನಲವತ್ತೆರಡನೇ ಹಾಸಿಗೆ. ಅಷ್ಟೊತ್ತಿಗೆ ತಂದಿದ್ದ ಸಾರು ತಣ್ಣಗಾಗಿತ್ತು. ಅವರು ತಣ್ಣನೆ ಸಾರು ಕುಡೀತಾ, ನೀನು ಹೆಸರು ಹೇಳಿದ್ರೆ ಬಿಸಿದು ಕುಡೀತಿದ್ದೆ ಅಂದ್ರು." ಅಜ್ಜಿ ನಕ್ಕರು, ಆಮೇಲೆ ನಗಲಿಲ್ಲ. "ಅವತ್ತು ನಿನ್ನನ್ನ ದುರುಗುಟ್ಟಿ ನೋಡ್ತಾ ಕೂತಿದ್ದು ನಾನೇ ಅಲ್ವಾ. ಬಳೆ ಹಾಕ್ಕೋ. ಹುಡುಗಿಗೆ ಮಾತ್ರ ಹೇಳ್ಬಿಡು. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡ."

ಹಾಕಿಕೊಂಡೆ. ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕಿದೆ, ಮಳೆ ಬಂದರೆ ಅವರಿಗೆ ಬಹಳ ನೋವು. ಮೊಸರುಂಡೆಗಳನ್ನು ಒಣಗಲು ಹರಡಿದೆ. ಎಲ್ದಿಯಾರ್‌ಗೆ ಮನೆ ಸಿಕ್ಕಿದೆಯಂತೆ, ಎರಡು ಕೋಣೆ, ಕಿಟಕಿ ಅವನೇ ಕೂಡಿಸಿದ್ದು. ನೋಡೋಣ ಎಂದೆ.

ಜುಲೈ 1, ಮಂಗಳವಾರ

ಉದ್ದಜಡೆ ಬೆಳಿಗ್ಗೆ ಆರಕ್ಕೇ ಬಂದು ಜಗಲಿಯಲ್ಲಿ ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಹನ್ನೊಂದಕ್ಕೆ ಪಟ್ಟಿ ಬಂತು. ಹನ್ನೆರಡು ಹೆಸರು. ಕೆಳಗೆ, ಕಾಯುವವರು: ಮೂರನೆಯದು ಅವಳದು.

ಅಳಲಿಲ್ಲ. "ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ತಡವರಿಸಿದ್ದೆ ಅತ್ತಿಗೆ. ನೀರಿನ ಹರಿವು ಅಳೆಯೋದು ಹೇಗೆ ಅಂತ. ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅದೇ ಇರ್ಬೇಕು," ಎಂದಳು.

ಆಗಲೇ ಹೇಳಬೇಕಿತ್ತು. ಅಜ್ಜಿ ಒಳಗಿನಿಂದ ಕೆಮ್ಮಿದರು. ನಾನು, "ಚಹಾ ತರ್ತೀನಿ," ಎಂದೆ. ಚಹಾ ತಂದೆ.

ಜುಲೈ 5, ಶನಿವಾರ

ಇಬ್ಬರು ಬಿಟ್ಟಿದ್ದಾರೆ. ಅವಳೀಗ ಒಂದನೆಯವಳು. ಇನ್ನೊಬ್ಬರು ಬಿಡಬೇಕು.

ಯಾರೋ ಅಪರಿಚಿತ ಮಗುವಿಗೆ ಇನ್ನೂ ಒಳ್ಳೆಯ ಸೀಟು ಸಿಗಲಿ ಎಂದು ದಿನಕ್ಕೆ ಹತ್ತು ಸಲ ಬೇಡಿಕೊಳ್ಳುತ್ತಿದ್ದೇನೆ. ಅವರಿಗೆ ಲಂಡನ್ ಸಿಗಲಿ. ಅವರಿಗೆ ಜಪಾನ್ ಸಿಗಲಿ.

ಎಲ್ದಿಯಾರ್ ನಿನ್ನೆಯೇ ಬಂದ. ಮೊದಲೇ ಬರೆಯಬೇಕಿತ್ತು, ಮರೆತೆ. "ಮನೆ ಕೀಲಿ ತಂದಿದೀನಿ, ಒಂದ್ಸಲ ಹಿಡ್ಕೊಂಡಾದ್ರೂ ನೋಡು," ಎಂದ. ಹಿಡಿದುಕೊಂಡು ನೋಡಿದೆ. ಈ ಚಳಿಗಾಲಕ್ಕೆ ನಮ್ಮನೆಯ ಹಿಂದಿನ ಕೋಣೆಗೆ ಒಳ್ಳೆಯ ಕಿಟಕಿ ಬೇಕು, ಅಜ್ಜಿ ಮಲಗುವ ಕಡೆ ಗಾಳಿ ನುಗ್ಗುತ್ತದೆ ಎಂದೆ. ಟೇಪು ತೆಗೆದುಕೊಂಡು ಹೋಗಿ ಅಳೆದ.

ಜುಲೈ 8, ಮಂಗಳವಾರ

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಮೆಸೇಜ್. ಸೀಟು ಕೊಟ್ಟಿದ್ದಾರೆ. ಶುಲ್ಕ ಇಲ್ಲ, ಹಾಸ್ಟೆಲ್ ಇದೆ, ಆಗಸ್ಟ್ 25ಕ್ಕೆ ಬರಬೇಕು. ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಮುದ್ದಿನಿಂದ ನನ್ನ ಎರಡೂ ಕೆನ್ನೆ ಮೂಸಿ, "ಮತ್ತೆ ಇಲ್ಲೇನು ಮಾಡ್ತಿದೀಯಾ? ಹೋಗು," ಎಂದು ಬೆನ್ನಿಗೆ ಒಂದು ಕೊಟ್ಟರು.

ಮಳೆಗೆ ಮೇಲಿನ ದಾರಿ ಕುಸಿದಿತ್ತು, ಕಾರು ಹೋಗುವುದಿಲ್ಲ. ಮಾವ ಅದನ್ನು ಸರಿಮಾಡಲೆಂದು ಆಗಷ್ಟೇ ಗ್ರೇಡರ್ ಹೊರಡಿಸುತ್ತಿದ್ದರು. ಸುದ್ದಿ ಕೇಳಿ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. "ಹತ್ತು ಮೇಲೆ," ಎಂದರು.

ಜಗತ್ತಿನಲ್ಲಿ ಅಷ್ಟು ನಿಧಾನವಾಗಿ ಸುದ್ದಿ ಒಯ್ದವರು ಯಾರೂ ಇರಲಿಕ್ಕಿಲ್ಲ. ದಾರಿಯಲ್ಲಿ ಒಂದು ಮುದಿ ಹಸು ನಮ್ಮನ್ನು ದಾಟಿ ಮುಂದೆ ಹೋಯಿತು. ಮಾವ ಮಣ್ಣು ತಳ್ಳುವುದು, ಹಿಂದೆ ಬರುವುದು, ಮತ್ತೆ ತಳ್ಳುವುದು. ಒಂದು ಕಡೆ ಮೇಲಿಂದ ದಪ್ಪನೆಯ ಗಟ್ಟಿಯದೊಂದು ಉರುಳಿ ಬಂತು. "ಮಾವಾ, ಕಲ್ಲು," ಎಂದು ಕೂಗಿದೆ. ಅವರು ಬ್ರೇಕ್ ಹಾಕಿದರು. ಇಬ್ಬರೂ ಅದರ ಬಗ್ಗೆ ಏನೂ ಮಾತಾಡಲಿಲ್ಲ.

ಮೂರು ಗಂಟೆ ಯೋಚಿಸಲು ಸಮಯ ಸಿಕ್ಕಿತು. ಸುದ್ದಿ ಮೊದಲು ಹೇಳಿದರೆ, ಆಮೇಲೆ ನಾನು ಏನು ಒಪ್ಪಿಕೊಂಡರೂ ಅವಳು ನಕ್ಕುಬಿಡುತ್ತಾಳೆ. ಅದು ಒಪ್ಪಿಕೊಂಡ ಹಾಗಾಗುವುದಿಲ್ಲ.

ಉದ್ದಜಡೆ ಒಂದು ಮಂಡಿಯೂರಿ ಕೆಂದ ಕುದುರೆಯ ಹಾಲು ಕರೆಯುತ್ತಿದ್ದಳು. ಅತ್ತೆ ಅದರ ಮರಿಯನ್ನು ಹಿಡಿದು ನಿಂತಿದ್ದರು. ಗ್ರೇಡರ್‌ನಿಂದ ಇಳಿದ ನನ್ನನ್ನು ನೋಡಿ ಅವಳ ಕೈ ನಿಂತಿತು.

"ಬಂತಾ?"

"ಮೊದಲು ಒಂದು ಮಾತು ಕೇಳು," ಎಂದೆ. ಉಣ್ಣೆ ಬಡಿಯುತ್ತಿದ್ದುದರಿಂದ ಹಿಡಿದು ಎಲ್ಲ ಹೇಳಿದೆ. ಫೋನಿನಲ್ಲಿ ನಾನು ಆಡಿದ ಮಾತು, ಬಳೆ, ಬಿಷ್ಕೆಕ್‌ಗೆ ಹೋದದ್ದು, ಒಂದನೇ ತಾರೀಕು ಬಾಯಿ ಬಿಡದೆ ಚಹಾ ತಂದದ್ದು. ಹೇಳುತ್ತ ಹೇಳುತ್ತ ಅಳು ಬಂತು.

ಅವಳು ಹಾಲಿನ ಬಕೆಟ್ಟನ್ನು ಹುಲ್ಲಿನ ಮೇಲಿಟ್ಟಳು. "ನಾನು ಒಂಬತ್ತನೆಯವಳಾಗಿದ್ನಾ?"

"ಹೌದು."

"ಸಂದರ್ಶನ ಆದ್ಮೇಲೂ?"

"ಎಲ್ಲ ಆದ್ಮೇಲೆ."

"ಅಂದ್ರೆ ತಡವರಿಸಿದ್ದು ಲೆಕ್ಕಕ್ಕೇ ಬಂದಿಲ್ಲ." ದೂರದ ಹಿಮದ ಕಡೆ ನೋಡುತ್ತ ನಿಂತಳು. ಅತ್ತೆ ನನ್ನನ್ನೂ ಅವಳನ್ನೂ ನೋಡುತ್ತಿದ್ದರು. ಆಮೇಲೆ ಅವಳು ಹತ್ತಿರ ಬಂದು ನನ್ನ ತಲೆವಸ್ತ್ರದ ಅಂಚಿನಿಂದಲೇ ನನ್ನ ಮುಖ ಒರೆಸಿದಳು. "ಅಳ್ಬೇಡಿ ಅತ್ತಿಗೆ. ಚಿಕ್ಕಮ್ಮನ ಬೇಕರಿ ಅಷ್ಟೇನೂ ಕೆಟ್ಟದಲ್ಲ. ಬೆಳಿಗ್ಗೆ ಬೆಳಿಗ್ಗೆ ಬಿಸಿ ಬ್ರೆಡ್ಡು ಸಿಗುತ್ತೆ. ನಿಮಗೂ ಕಳಿಸ್ತೀನಿ."

ಫೋನನ್ನು ಅವಳ ಕೈಗೆ ಕೊಟ್ಟೆ.

ಓದಿದಳು. ಮತ್ತೆ ಓದಿದಳು. ತುಟಿ ಅಲುಗುತ್ತಿತ್ತು. "ಇದು ಯಾವಾಗ ಬಂತು?"

"ಬೆಳಿಗ್ಗೆ."

"ಬೆಳಿಗ್ಗೆ ಬಂದಿದ್ದನ್ನ ಜೇಬಲ್ಲಿ ಇಟ್ಕೊಂಡು, ನನ್ನನ್ನ ಬೇಕರಿಗೆ ಕಳಿಸಿ, ಬ್ರೆಡ್ಡು ಸುಡ್ಸಿ, ಆಮೇಲೆ ಕೊಡ್ತಿದೀರಾ?"

ಮರಿ ಕಟ್ಟುವ ಹಗ್ಗವನ್ನು ನನ್ನ ಮೇಲೆ ಎಸೆದು, ಅತ್ತೆಯನ್ನು ತಬ್ಬಿ, ಮಾವನನ್ನು ತಬ್ಬಿ, ಗ್ರೇಡರ್‌ನ ಚಕ್ರವನ್ನೂ ತಬ್ಬಿದಳು. ನನ್ನನ್ನು ಮಾತ್ರ ಬಿಟ್ಟಳು. ತಪ್ಪು ಮಾಡಿದ್ದಕ್ಕಲ್ಲವಂತೆ, ಹೇಳಿದ ಕ್ರಮಕ್ಕಂತೆ. ಅತ್ತೆಯ ಕೈಲಿ ಹೇಳಿ ಕಳಿಸಿದಳು.

ಈಗ ಸಂಜೆ. ಗುಡಾರದ ಹೊರಗೆ ಕೂತು ಅವಳದೇ ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಕೆಳಗೆ ಹೋದ ಮೇಲೆ ಅಂಟಿಸಿಕೊಳ್ಳಬೇಕು. ಆಗಸ್ಟ್ 25ಕ್ಕೆ ನಲವತ್ತೆಂಟು ದಿನ ಇದೆ, ಅಷ್ಟೇನೂ ಇಲ್ಲ. ಉದ್ದಜಡೆ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಆದರೆ ಒಳಗಿಂದ ನನಗೆ ಕೇಳುವಂತೆ, "ಅಮ್ಮಾ, ಹೊರಗೆ ಕೂತಿರೋ ಅವರಿಗೆ ಹೇಳು, ಚಹಾ ಆರ್ತಾ ಇದೆ ಅಂತ," ಎನ್ನುತ್ತಿದ್ದಾಳೆ. ಇದು ಎರಡನೇ ಸಲ. ಪೂರ್ತಿ ಆರಿದರೆ ಅವಳೇ ಹೊರಗೆ ಬಂದು ಬೈಯಲೇಬೇಕಾಗುತ್ತದೆ.

ಹಾಗಾಗಿ ಇನ್ನೂ ಎರಡು ಸಾಲು ಬರೆಯುತ್ತ ಕೂತಿರುತ್ತೇನೆ.